ಹಾಸ್ಪಿಸ್‌ನಲ್ಲಿ ಸ್ವಯಂಸೇವೆ ಮಾಡಬೇಕು ಅಂತಿದ್ದೇನೆ. ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ನನಗೆ ಅಲ್ಲಿ ಏನು ಕೆಲಸ?

ಜಯನಗರ ನಿವೃತ್ತ

ಎಲ್ಲರಿಗೂ ನಮಸ್ಕಾರ. ಬ್ಯಾಂಕ್ ಕೆಲಸದಿಂದ ನಿವೃತ್ತನಾಗಿದ್ದೇನೆ. ವಾರದಲ್ಲಿ ಒಂದೆರಡು ಮಧ್ಯಾಹ್ನ ಪೂರ್ತಿ ಬಿಡುವು. ವಾಸಿಯಾಗದ ಕಾಯಿಲೆಯಲ್ಲಿ ಕೊನೆಯ ದಿನಗಳನ್ನು ಕಳೆಯುತ್ತಿರುವವರಿಗೆ, ಅವರ ಮನೆಯವರಿಗೆ ಏನಾದರೂ ಮಾಡಬೇಕು ಅಂತ ಬಹಳ ದಿನದಿಂದ ಮನಸ್ಸಿನಲ್ಲಿದೆ. ಅಂಥವರನ್ನು ನೋಡಿಕೊಳ್ಳುವ ಜಾಗಕ್ಕೇ ಹಾಸ್ಪಿಸ್ ಅನ್ನುತ್ತಾರೆ. ಬೆಂಗಳೂರಿನ ಕರುಣಾಶ್ರಯದ ಹೆಸರು ಕೇಳಿದ್ದೇನೆ. ಮಾರತ್ತಹಳ್ಳಿ ಕಡೆ ಇದೆ, 1999ರಿಂದ ನಡೆಯುತ್ತಿದೆ, ಕ್ಯಾನ್ಸರ್ ಕೈಮೀರಿದವರನ್ನು ಒಂದು ಪೈಸೆ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ ಅನ್ನುವಷ್ಟು ಗೊತ್ತು.

ನನ್ನ ಅನುಮಾನ ಬೇರೆ. ಅಂಥ ಕಡೆ ಹೋಗಿ ನಾನು ಏನು ಮಾತಾಡಬೇಕು? "ಹೇಗಿದ್ದೀರಿ?" ಅಂತ ಕೇಳುವುದೂ ಕಷ್ಟ ಅಲ್ವಾ? ಸುಮ್ನೆ ಅಡ್ಡ ನಿಂತು ಸಿಸ್ಟರ್‌ಗಳಿಗೆ ತೊಂದರೆ ಕೊಟ್ಟಂತಾದರೆ? ಮನೆಯವಳು ಕೇಳುವುದು ಇನ್ನೊಂದು: "ದಿನಾ ಅದನ್ನೇ ನೋಡಿ ಬಂದು ರಾತ್ರಿ ನಿದ್ದೆ ಮಾಡ್ತೀರಾ?" ಮಾಡಿದವರು, ಮಾಡಿಸಿಕೊಂಡವರು ಯಾರಾದರೂ ಇದ್ದರೆ ಬಿಚ್ಚಿ ಹೇಳಿ.

ವೈಟ್‌ಫೀಲ್ಡ್ ಅಕ್ಕ

ಸರ್, ನಾನು ಕೆಲವು ವರ್ಷಗಳಿಂದ ಈ ಕೆಲಸದಲ್ಲಿದ್ದೇನೆ. ಮೊದಲು ಒಂದು ಮಾತು. ಅಲ್ಲಿ ಯಾರೂ ನಿಮ್ಮಿಂದ ದೊಡ್ಡ ಮಾತು ಬಯಸುವುದಿಲ್ಲ. ಜೀವನ, ಸಾವು, ಕರ್ಮ ಇವೆಲ್ಲ ಬೇಡವೇ ಬೇಡ. ನಿಮ್ಮ ವಾರ ಬಂದರೆ ನೀವು ಬರಬೇಕು. ಬರುತ್ತೇನೆ ಎಂದ ಹೊತ್ತಿಗೆ ಬರಬೇಕು. ಹಾಸಿಗೆಯಲ್ಲಿ ಇರುವವರಿಗೆ ಮಂಗಳವಾರ ಅಂದರೆ "ಪೇಪರ್ ಓದುವವರು ಬರುವ ದಿನ". ಅವತ್ತು ಬೆಳಗ್ಗೆಯಿಂದ ಕಾಯುತ್ತಾರೆ. ಮುಂದಿನ ಮಂಗಳವಾರ ಅವರಿಗೆ ಇದೆಯೋ ಇಲ್ಲವೋ ಗೊತ್ತಿಲ್ಲ. ಹಾಗಾಗಿ ತಪ್ಪಿಸಬಾರದು. ತಪ್ಪಿಸಲೇಬೇಕಾದರೆ ಮುಂಚೆಯೇ ತಿಳಿಸಬೇಕು.

ಕೆಲಸ ಅಂದರೆ ಏನೇನು? ಪೇಪರ್ ಓದುವುದು. ಉಗುರು ಕತ್ತರಿಸುವುದು, ಸಿಸ್ಟರ್ ಒಪ್ಪಿದರೆ ಮಾತ್ರ. ಗಂಡಸರಿಗೆ ಗಡ್ಡ ಬೋಳಿಸುವುದು. ಹೆಂಗಸರಿಗೆ ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕುವುದು. ಕೀಮೋದಲ್ಲಿ ಕೂದಲು ಉದುರಿ ಮತ್ತೆ ಅರ್ಧ ಬೆರಳಷ್ಟು ಬೆಳೆದಿರುತ್ತದೆ. ಅದಕ್ಕೂ ಬಾಚಣಿಗೆ ಹಾಕಿ ಅನ್ನುತ್ತಾರೆ. ರೇಡಿಯೋ ಹಚ್ಚಿಕೊಡುವುದು. ಮೊಮ್ಮಗಳಿಗೆ ವಿಡಿಯೋ ಕಾಲ್ ಹಾಕಿ ಫೋನ್ ಹಿಡಿದುಕೊಂಡು ನಿಲ್ಲುವುದು. ಗಾಲಿ ಕುರ್ಚಿಯಲ್ಲಿ ಕೂರಿಸಿ ಅಂಗಳಕ್ಕೆ ಕರೆದೊಯ್ಯುವುದು. ಕೆಲವರಿಗೆ ಏನೂ ಬೇಡ. ಪಕ್ಕದಲ್ಲಿ ಒಬ್ಬರು ಕೂತಿರಬೇಕು, ಅಷ್ಟೇ.

ಮಾತು ಹೇಗೆ ಶುರು ಮಾಡುವುದು ಅಂತ ಕೇಳಿದಿರಿ. ಊರು ಕೇಳಿ. ನಮ್ಮವರಿಗೆ ಊರಿನ ಹೆಸರು ಬಾಯಿಗೆ ಬಂದರೆ ಸಾಕು. ಕೆರೆ, ಜಾತ್ರೆ, ಅಡಿಕೆ ರೇಟು, ಅಣ್ಣ ತಮ್ಮಂದಿರ ಪಾಲು, ಎಲ್ಲಾ ಬರುತ್ತದೆ. ಕಲಬುರಗಿ, ರಾಯಚೂರು ಕಡೆಯವರು ಚಿಕಿತ್ಸೆಗೆ ಅಂತ ಬೆಂಗಳೂರಿಗೆ ಬಂದು ಇಲ್ಲೇ ಉಳಿದಿರುತ್ತಾರೆ. ತಮ್ಮ ಕಡೆಯ ಮಾತು ಕೇಳಿ ತಿಂಗಳುಗಳೇ ಆಗಿರುತ್ತವೆ. ಆ ಕಡೆಯ ಸ್ವಯಂಸೇವಕರು ಬಂದ ದಿನ ಅವರ ಮುಖವೇ ಬೇರೆ.

ಸಿಸ್ಟರ್

ನಾನು ಹಾಸ್ಪಿಸ್ ನರ್ಸ್. ನೀವು ಅಡ್ಡ ಬರುವುದಿಲ್ಲ ಸರ್, ಒಳ್ಳೆಯ ಸ್ವಯಂಸೇವಕರು ನಮ್ಮ ಬಲ. ಆದರೆ ಕೆಲವು ಗೆರೆಗಳಿವೆ. ಅವು ಗೊತ್ತಿರಲಿ.

ಕೇಳದೆ ಏನನ್ನೂ ತಿನ್ನಿಸಬೇಡಿ, ಕುಡಿಸಬೇಡಿ. ನುಂಗಲು ಆಗದವರಿಗೆ ಒಂದು ಚಮಚ ಎಳನೀರು ಕೂಡ ಶ್ವಾಸಕೋಶಕ್ಕೆ ಹೋಗಬಹುದು. ಔಷಧಿ ಮುಟ್ಟಬೇಡಿ. "ನಮ್ಮ ನೆಂಟರೊಬ್ಬರಿಗೆ ನಾಟಿ ಔಷಧಿಯಿಂದ ಪೂರ್ತಿ ವಾಸಿಯಾಯಿತು" ಅನ್ನುವ ಮಾತು ಆಡಲೇಬೇಡಿ. ಆ ಒಂದು ಮಾತು ಕೇಳಿ ಮನೆಯವರು ಸಾಲ ಮಾಡಿ, ನಡೆಯಲಾಗದವರನ್ನು ರಾತ್ರಿ ಬಸ್ಸಿನಲ್ಲಿ ಕರೆದುಕೊಂಡು ಹೋಗಿದ್ದನ್ನು ನೋಡಿದ್ದೇನೆ. ಫೋಟೋ ಬೇಡ. ನಿಮ್ಮ ದೇವರನ್ನು ಅವರ ಮೇಲೆ ಹೇರುವುದು ಬೇಡ. ಅವರು ಭಜನೆ ಹಾಡಿ ಅಂದರೆ ಹಾಡಿ, ಕುರಾನ್ ಓದುವವರನ್ನು ಕರೆಸಿ ಅಂದರೆ ನಮಗೆ ಹೇಳಿ. ಜ್ವರ, ನೆಗಡಿ ಇದ್ದ ದಿನ ಬರಬೇಡಿ.

ಮತ್ತೆ ಮಾರ್ಫಿನ್, ಅಂದರೆ ತೀವ್ರ ನೋವಿಗೆ ಕೊಡುವ ಔಷಧಿ. ಅದರ ಹೆಸರು ಕೇಳಿದರೆ ಮನೆಯವರು ಹೆದರುತ್ತಾರೆ. "ಅದು ಕೊಟ್ಟರೆ ಮುಗೀತು ಅಂತಾರಲ್ಲಾ?" ಅಂತ ನಿಮ್ಮನ್ನೇ ಪಕ್ಕಕ್ಕೆ ಕರೆದು ಕೇಳುತ್ತಾರೆ. ನಮ್ಮನ್ನು ಕೇಳಲು ಸಂಕೋಚ, ನಿಮ್ಮನ್ನು ಕೇಳಲು ಸಲಿಗೆ. ಕ್ಯಾನ್ಸರ್ ನೋವಿಗೆ ಡಾಕ್ಟರ್ ಹೇಳಿದ ಅಳತೆಯಲ್ಲಿ ಕೊಟ್ಟರೆ ಮಾರ್ಫಿನ್ ಸಾವನ್ನು ಬೇಗ ತರುವುದಿಲ್ಲ. ಚಟ ಹತ್ತುವುದು ತೀರಾ ಅಪರೂಪ. ಮಲಬದ್ಧತೆ ಮಾತ್ರ ಹೆಚ್ಚುಕಡಿಮೆ ಎಲ್ಲರಿಗೂ ಆಗುತ್ತದೆ, ಅದಕ್ಕೆ ಜೊತೆಯಲ್ಲೇ ಔಷಧಿ ಕೊಡುತ್ತೇವೆ. ಇಷ್ಟು ತಿಳಿದುಕೊಂಡಿರಿ. ಆದರೆ ನೀವೇ ಉತ್ತರಿಸುವ ಬದಲು "ಬನ್ನಿ, ಸಿಸ್ಟರ್ ಹತ್ತಿರ ಇಬ್ಬರೂ ಹೋಗಿ ಕೇಳೋಣ" ಅನ್ನಿ. ಕೈಹಿಡಿದು ಕರೆದುಕೊಂಡು ಬಂದರೆ ಅದೇ ದೊಡ್ಡ ಸಹಾಯ.

ಔಷಧಿ ಅಂಗಡಿ

ಸಿಸ್ಟರ್ ಹೇಳಿದ್ದಕ್ಕೆ ಸಣ್ಣ ಸೇರ್ಪಡೆ. ಮಾರ್ಫಿನ್ ಎಲ್ಲಾ ಮೆಡಿಕಲ್ ಶಾಪ್‌ನಲ್ಲಿ ಸಿಗುವುದಿಲ್ಲ, ನಮ್ಮನ್ನು ಬೈಯಬೇಡಿ. ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯಿಂದಾಗಿ ಅದನ್ನು ಇಟ್ಟುಕೊಳ್ಳಲು ಒಂದೊಂದು ರಾಜ್ಯದಲ್ಲಿ ಹಲವು ಲೈಸೆನ್ಸ್ ಬೇಕಿತ್ತು. 2014ರ ತಿದ್ದುಪಡಿ ಬಂದ ಮೇಲೆ ಸುಲಭವಾಯಿತು, ಮಾನ್ಯತೆ ಪಡೆದ ಆಸ್ಪತ್ರೆಗಳು ಇಟ್ಟುಕೊಳ್ಳಬಹುದು. ಊರಿಗೆ ವಾಪಸ್ ಹೋಗುವ ಕುಟುಂಬಕ್ಕೆ "ಮಾತ್ರೆ ಮುಗಿದರೆ ನಿಮ್ಮ ಹತ್ತಿರದಲ್ಲಿ ಎಲ್ಲಿ ಸಿಗುತ್ತದೆ?" ಅಂತ ಹೊರಡುವ ಮುಂಚೆಯೇ ಕೇಳಿ ಬರೆದುಕೊಳ್ಳಲು ಹೇಳಿ. ಇದನ್ನು ನೆನಪಿಸುವುದು ಸ್ವಯಂಸೇವಕರು ಮಾಡಬಹುದಾದ ಕೆಲಸ.

ದಾವಣಗೆರೆ ಸೊಸೆ

ಎಲ್ಲರೂ ಒಳ್ಳೆಯದನ್ನೇ ಬರೆದಿದ್ದೀರಿ. ನಾನು ಇನ್ನೊಂದು ಕಡೆಯಿಂದ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಅತ್ತೆಗೆ ಬಾಯಿ ಕ್ಯಾನ್ಸರ್. ಮನೆಯಲ್ಲೇ ಇಟ್ಟುಕೊಂಡು ನೋಡಿಕೊಂಡೆವು. ಕೊನೆ ಕೊನೆಗೆ ಕೆನ್ನೆಯಲ್ಲಿ ಗಾಯ ತೂತಾಗಿತ್ತು. ಆ ವಾಸನೆಗೆ ನೆಂಟರು ಬಾಗಿಲಲ್ಲೇ ನಿಂತು ಹೋಗುತ್ತಿದ್ದರು. ಅತ್ತೆಗೆ ಅದು ಗೊತ್ತಾಗುತ್ತಿತ್ತು. ಯಾರಾದರೂ ಬಂದರೆ ಸೆರಗು ಮುಖಕ್ಕೆ ಹಾಕಿಕೊಂಡು ಗೋಡೆ ಕಡೆ ತಿರುಗುತ್ತಿದ್ದರು.

ಆಗ ಒಂದು ಸಂಘದವರು ಸಹಾಯಕ್ಕೆ ಅಂತ ಬಂದರು. ಹೆಸರು ಬೇಡ. ನಾಲ್ಕೈದು ಜನ ಒಟ್ಟಿಗೆ. ಹಣ್ಣಿನ ಬುಟ್ಟಿ ತಂದಿದ್ದರು. ಅತ್ತೆಗೆ ನೀರು ಕುಡಿಯಲೂ ಆಗುತ್ತಿರಲಿಲ್ಲ! ಬುಟ್ಟಿ ಕೊಡುವ ಫೋಟೋ ತೆಗೆದರು. ಧೈರ್ಯವಾಗಿರಿ ಅಂದರು. ಅವರಿಗೆಲ್ಲ ನಾನು ಕಾಫಿ ಮಾಡಿದೆ. ಲೋಟ ತೊಳೆದೆ. ಅವರು ಹೋದ ಮೇಲೆ ಅತ್ತೆಯ ಬಟ್ಟೆ ಬದಲಾಯಿಸಿದೆ.

ನನಗೆ ಬೇಕಾಗಿದ್ದು ಏನು ಗೊತ್ತಾ? ಎರಡು ಗಂಟೆ ನಿದ್ದೆ. ಎರಡೆರಡು ಗಂಟೆಗೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ ಅಂತ ಹೇಳಿದ್ದರು. ಗಂಡ ಕೆಲಸಕ್ಕೆ ಹೋದರೆ ನಾನೊಬ್ಬಳೇ. ಆ ಕಡೆ ಹಿಡಿದುಕೊಳ್ಳಲು ಇನ್ನೊಂದು ಕೈ ಬೇಕಿತ್ತು. ಮಗನ ಸ್ಕೂಲಿನಲ್ಲಿ ಪೇರೆಂಟ್ಸ್ ಮೀಟಿಂಗ್ ಇತ್ತು, ಹೋಗಲಾಗಲಿಲ್ಲ. ಎಲ್ಲರೂ "ಅತ್ತೆ ಹೇಗಿದ್ದಾರೆ?" ಅಂತ ಕೇಳಿದರು. "ನೀನು ಊಟ ಮಾಡಿದ್ಯಾ?" ಅಂತ ಯಾರೂ ಕೇಳಲಿಲ್ಲ. ರೋಗಿಯ ಪಕ್ಕ ಕೂರುವುದಕ್ಕೇ ಎಲ್ಲರಿಗೂ ಮನಸ್ಸು. ಅಡುಗೆ ಮನೆಯಲ್ಲಿ ನಿಂತಿರುವವಳು ಕಣ್ಣಿಗೆ ಬೀಳುವುದೇ ಇಲ್ಲ.

ವೈಟ್‌ಫೀಲ್ಡ್ ಅಕ್ಕ

ತಂಗಿ, ನೀವು ಬರೆದದ್ದನ್ನು ತರಬೇತಿಯಲ್ಲೇ ಓದಿ ಹೇಳಬೇಕು ಅನ್ನಿಸಿತು. ಬೇಜಾರು ಯಾಕೆ? ನೀವು ಹೇಳಿದ್ದೇ ಈ ಕೆಲಸದ ಅರ್ಧಕ್ಕಿಂತ ಜಾಸ್ತಿ ಭಾಗ.

ಮನೆಗೆ ಹೋಗುವ ಸ್ವಯಂಸೇವಕರಿಗೆ ನಾನು ಹೇಳುವುದು ಇಷ್ಟು. ಒಬ್ಬರು ಅಥವಾ ಇಬ್ಬರು ಮಾತ್ರ ಹೋಗಿ. ಮೊದಲೇ ಫೋನ್ ಮಾಡಿ, ಅವರ ಹೊತ್ತು ಕೇಳಿ. ಮೊದಲ ಸಲ ಕಾಫಿ ಕೊಟ್ಟರೆ ಕುಡಿಯಿರಿ, ಬೇಡ ಅಂದರೆ ಮನೆಯವರು ನೊಂದುಕೊಳ್ಳುತ್ತಾರೆ. ಆಮೇಲೆ "ಅಡುಗೆ ಮನೆ ತೋರಿಸಿ, ಇವತ್ತು ನಾನು ಮಾಡುತ್ತೇನೆ" ಅನ್ನಿ. ನೋಡಿಕೊಳ್ಳುವವರನ್ನು ಮಲಗಲು ಕಳಿಸಿ. ದೇವಸ್ಥಾನಕ್ಕೋ, ಪಾರ್ಲರಿಗೋ, ಸ್ಕೂಲಿಗೋ ಅವರಿಗೆ ಎಲ್ಲಿ ಬೇಕೋ ಅಲ್ಲಿಗೆ. ಎಲ್ಲಿಗೆ ಅಂತ ಕೇಳಬೇಡಿ. ಹಾಸಿಗೆಯಲ್ಲಿ ಇರುವವರನ್ನು ಬಿಟ್ಟು ಹೊರಗೆ ಹೋದರೆ ಜನ ಏನಂದಾರು ಅನ್ನುವ ಭಯ ನಮ್ಮ ಹೆಣ್ಣುಮಕ್ಕಳಿಗೆ ತುಂಬಾ ಇರುತ್ತದೆ.

ಸಿಸ್ಟರ್

ದಾವಣಗೆರೆ ಅಕ್ಕ, ಆ ವಾಸನೆಗೆ ಪರಿಹಾರ ಇದೆ ಅನ್ನುವುದೇ ಎಷ್ಟೋ ಮನೆಗೆ ಗೊತ್ತಿರುವುದಿಲ್ಲ. ಇದನ್ನು ಓದುತ್ತಿರುವ ಬೇರೆಯವರಿಗಾಗಿ ಬರೆಯುತ್ತಿದ್ದೇನೆ. ಮೆಟ್ರೊನಿಡಜೋಲ್ ಮಾತ್ರೆಯನ್ನು ನುಣ್ಣಗೆ ಪುಡಿ ಮಾಡಿ ಗಾಯದ ಮೇಲೆ ಹಾಕಿ ಡ್ರೆಸ್ಸಿಂಗ್ ಮಾಡುತ್ತೇವೆ. ದುಬಾರಿ ಔಷಧಿಯಲ್ಲ. ವಾಸನೆ ಚೆನ್ನಾಗಿ ಕಡಿಮೆಯಾಗುತ್ತದೆ. ಡಾಕ್ಟರ್ ಅಥವಾ ಪ್ಯಾಲಿಯೇಟಿವ್ (ನೋವು, ಸಂಕಟ ಕಡಿಮೆ ಮಾಡುವ ಆರೈಕೆಯ) ನರ್ಸ್ ನೋಡಿ ಹೇಳಿದ ಮೇಲೆ ಮನೆಯವರೂ ಕಲಿಯಬಹುದು. ವಾಸನೆ ಹೋದರೆ ನೆಂಟರು ಒಳಗೆ ಬರುತ್ತಾರೆ. ಮೊಮ್ಮಕ್ಕಳು ಹತ್ತಿರ ಕೂರುತ್ತಾರೆ. ಸೆರಗು ಮುಖದಿಂದ ಇಳಿಯುತ್ತದೆ. ನಮ್ಮ ರಾಜ್ಯದಲ್ಲಿ ತಂಬಾಕು, ಗುಟ್ಕಾದಿಂದ ಬಾಯಿ ಕ್ಯಾನ್ಸರ್ ಎಷ್ಟಿದೆ ಅಂತ ಎಲ್ಲರಿಗೂ ಗೊತ್ತು. ಹಾಗಾಗಿ ಸ್ವಯಂಸೇವಕರಾಗುವವರು ಈ ಗಾಯಗಳನ್ನು ನೋಡಲು ಸಿದ್ಧರಾಗಿರಬೇಕು. ಮುಖ ಸಿಂಡರಿಸಬಾರದು. ಅವರ ಕಣ್ಣು ನೋಡಿ ಮಾತಾಡಿ.

ಮಂಜೇಶ್ವರ ಮೇಷ್ಟ್ರು

ನಾನು ಕಾಸರಗೋಡು ಜಿಲ್ಲೆಯ ಕನ್ನಡಿಗ. ನಮ್ಮ ಕಡೆ ಇದು ಸಂಘಟನೆಯಾಗಿ ಹೇಗೆ ಬೆಳೆಯಿತು ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕರ್ನಾಟಕದವರಿಗೆ ಉಪಯೋಗವಾಗಬಹುದು.

1993ರಲ್ಲಿ ಕೋಝಿಕ್ಕೋಡ್ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಸ್ನೇಹಿತರು ಸೇರಿ ನೋವು ನಿವಾರಣೆಯ ಸಣ್ಣ ಕ್ಲಿನಿಕ್ ಶುರು ಮಾಡಿದರು. ರೋಗಿಗಳು ಬರುತ್ತಿದ್ದರು. ಆದರೆ ಹಾಸಿಗೆ ಹಿಡಿದವರು ಆಸ್ಪತ್ರೆಗೆ ಬರುವುದು ಹೇಗೆ? ಡಾಕ್ಟರುಗಳಿಂದ ಮಾತ್ರ ಆಗುವ ಕೆಲಸ ಇದಲ್ಲ, ಊರಿನ ಜನರೇ ಕೈಹಾಕಬೇಕು ಅನ್ನುವುದು ಅಲ್ಲಿ ಗೊತ್ತಾಯಿತು. ಮುಂದೆ ಮಲಪ್ಪುರಂ ಜಿಲ್ಲೆಯಲ್ಲಿ ಅಕ್ಕಪಕ್ಕದವರ ಜಾಲ ಕಟ್ಟಿದರು. ಟೀಚರುಗಳು, ಆಟೋ ಓಡಿಸುವವರು, ಅಂಗಡಿಯವರು, ಕಾಲೇಜು ಹುಡುಗರು ಸೇರಿದರು. ಅವರಿಗೆ 16 ಗಂಟೆಗಳ ಪಾಠ, ಆಮೇಲೆ ಅನುಭವಿಗಳ ಜೊತೆ ಮನೆ ಭೇಟಿ. 2008ರಲ್ಲಿ ಕೇರಳ ಸರ್ಕಾರ ಇದಕ್ಕೆ ಒಂದು ನೀತಿಯನ್ನೇ ಮಾಡಿತು, ದೇಶದಲ್ಲಿ ಮೊದಲು. ಈಗ ಪಂಚಾಯಿತಿಗಳು ತಮ್ಮ ಹಣದಲ್ಲಿ ನರ್ಸ್ ಇಟ್ಟು ಮನೆ ಮನೆಗೆ ಕಳಿಸುತ್ತವೆ. ಜನವರಿ 15 ನಮ್ಮಲ್ಲಿ ಪ್ಯಾಲಿಯೇಟಿವ್ ದಿನ, ಶಾಲೆ ಮಕ್ಕಳು ಕೂಡ ದುಡ್ಡು ಸೇರಿಸುತ್ತಾರೆ.

ಒಂದು ಮುಖ್ಯ ವಿಷಯ. ಅಲ್ಲಿ ಕ್ಯಾನ್ಸರ್ ರೋಗಿಗಳು ಮಾತ್ರವಲ್ಲ. ಪಾರ್ಶ್ವವಾಯು ಹೊಡೆದು ಮಲಗಿದವರು, ಕಿಡ್ನಿ ಕೆಟ್ಟವರು, ತೀರಾ ವಯಸ್ಸಾದವರು, ಬೆನ್ನುಮೂಳೆ ಮುರಿದವರು ಎಲ್ಲರೂ ಬರುತ್ತಾರೆ. ಸ್ವಯಂಸೇವಕರು ಮನೆಗೆ ಹೋದಾಗ ಅಕ್ಕಿ ಡಬ್ಬಿಯನ್ನೂ ಗಮನಿಸುತ್ತಾರೆ. ದುಡಿಯುವವನೇ ಮಲಗಿದ್ದರೆ ಮನೆಯಲ್ಲಿ ಅಕ್ಕಿ ಇದೆಯಾ, ಮಕ್ಕಳು ಶಾಲೆ ಬಿಟ್ಟಿದ್ದಾರಾ, ಕರೆಂಟ್ ಬಿಲ್ ಕಟ್ಟಿದೆಯಾ ಅಂತ ತಿಳಿದುಕೊಂಡು ಸಮಿತಿಗೆ ಹೇಳುತ್ತಾರೆ. ನೋವಿಗೆ ಮಾತ್ರೆ ಕೊಟ್ಟು, ಹಸಿವಿಗೆ ಏನೂ ಕೊಡದೆ ಬಂದರೆ ಆ ಭೇಟಿ ಯಾವ ಲೆಕ್ಕಕ್ಕೆ? ದಾವಣಗೆರೆ ಅಕ್ಕ ಹೇಳಿದ್ದೂ ಇದೇ ಅಲ್ವಾ?

ಲಂಡನ್ ಕನ್ನಡತಿ

ಮೇಷ್ಟ್ರೇ, ನಿಮ್ಮ ಊರಿನ ಮಾತು ಇಲ್ಲಿಗೂ ಬಂದಿದೆ. ಹ್ಯಾಕ್ನಿಯ ಸೇಂಟ್ ಜೋಸೆಫ್ಸ್ ಹಾಸ್ಪಿಸ್‌ನವರು ಕೇರಳದ ಮಾದರಿಯಿಂದ ಪ್ರೇರಣೆ ಪಡೆದು ನೆರೆಹೊರೆಯವರಿಗೆ ತರಬೇತಿ ಕೊಟ್ಟು, ಒಬ್ಬೊಬ್ಬ ರೋಗಿಗೆ ಒಬ್ಬೊಬ್ಬ ಸ್ನೇಹಿತರನ್ನು ಜೋಡಿಸುವ ಕೆಲಸ ಶುರು ಮಾಡಿದರು. ಇವತ್ತಿನ ಹಾಸ್ಪಿಸ್ ಚಳವಳಿಗೆ ದಾರಿ ಹಾಕಿದ ಡೇಮ್ ಸಿಸಿಲಿ ಸಾಂಡರ್ಸ್ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಕಟ್ಟಿದ ಊರು ಇದು. ಈ ಊರು ಮಲಪ್ಪುರಂ ನೋಡಿ ಕಲಿಯಿತು ಅಂದಾಗ ನನಗೆ ನಿಜವಾಗಿ ಹೆಮ್ಮೆಯಾಯಿತು.

ಇಲ್ಲಿ ಹಾಸ್ಪಿಸ್‌ಗಳು ಹೆಚ್ಚಾಗಿ ದಾನದ ಹಣದಲ್ಲೇ ನಡೆಯುತ್ತವೆ. ಸರ್ಕಾರದಿಂದ ಬರುವುದು ಒಂದು ಪಾಲು ಮಾತ್ರ. ಹಳೆ ಬಟ್ಟೆ, ಪುಸ್ತಕ ಮಾರುವ ಅಂಗಡಿಗಳನ್ನು ಸ್ವಯಂಸೇವಕರೇ ನಡೆಸುತ್ತಾರೆ. ರೋಗಿಯ ಹತ್ತಿರ ಕೂರಲು ಧೈರ್ಯ ಸಾಲದವರು ಅಂಗಡಿಯಲ್ಲಿ ನಿಲ್ಲುತ್ತಾರೆ, ಕಾರು ಓಡಿಸುತ್ತಾರೆ, ತೋಟ ನೋಡಿಕೊಳ್ಳುತ್ತಾರೆ. ಅದೂ ಅಷ್ಟೇ ಬೇಕಾದ ಕೆಲಸ.

ಹೊರದೇಶದಲ್ಲಿರುವ ಕನ್ನಡಿಗರಿಗೆ ಒಂದು ಮಾತು. ನಿಮ್ಮ ಹತ್ತಿರದ ಹಾಸ್ಪಿಸ್‌ಗೆ ಹೋಗಿ "ನನಗೆ ಕನ್ನಡ ಬರುತ್ತದೆ" ಅಂತ ಹೆಸರು ಕೊಟ್ಟಿಡಿ. ನಲವತ್ತು ವರ್ಷ ಇಲ್ಲಿದ್ದು ಚೆನ್ನಾಗಿ ಇಂಗ್ಲಿಷ್ ಮಾತಾಡುತ್ತಿದ್ದ ಹಿರಿಯರಿಗೂ ಕೊನೆಗಾಲದಲ್ಲಿ ಆ ಭಾಷೆ ಕೈಬಿಡುವುದುಂಟು. "ಬಾಯಾರಿಕೆ" ಅಂದರೆ ನರ್ಸ್‌ಗೆ ತಿಳಿಯುವುದಿಲ್ಲ. ಅಂಥ ಕಡೆ ನಾನು ಹೋಗಿ ಕೂತಿದ್ದೇನೆ. ಹುಳಿ, ಪಲ್ಯ, ಮಳೆ, ಅವರ ಅಕ್ಕನ ಮದುವೆ ಇಷ್ಟೇ ಮಾತು.

ಹುಬ್ಬಳ್ಳಿ ಮಗ

ಎಲ್ಲಾ ಓದಿದೆ. ಒಂದು ಪ್ರಶ್ನೆ ಯಾರೂ ಎತ್ತಿಲ್ಲ. ನಮ್ಮ ಅಪ್ಪಾರಿಗೆ ಕಾಯಿಲೆ ಏನು ಅಂತ ನಾವು ಹೇಳಲಿಲ್ಲ. ಗ್ಯಾಸ್ಟ್ರಿಕ್ ಹುಣ್ಣು ಅಂತಲೇ ಹೇಳಿದ್ದೆವು. ಅವರು ಅಂಜುವ ಮನುಷ್ಯ. ಗೊತ್ತಾಗಿದ್ದರೆ ಅವತ್ತೇ ಅನ್ನ ಬಿಡುತ್ತಿದ್ದರು. ಹೊರಗಿನ ಸ್ವಯಂಸೇವಕರು ಬಂದು ಬಾಯಿ ತಪ್ಪಿ ಹೇಳಿಬಿಟ್ಟರೆ? ಅದೇ ಹೆದರಿಕೆಗೆ ನಾವು ಯಾರನ್ನೂ ಕರೆಯಲಿಲ್ಲ. ನಾವು ಮಾಡಿದ್ದು ಸರಿ ಅಂತಲೇ ನಾನು ಈಗಲೂ ಹೇಳುತ್ತೇನೆ.

ಸಿಸ್ಟರ್

ಅಣ್ಣಾ, ಸ್ವಯಂಸೇವಕರು ಹೇಳುವಂತಿಲ್ಲ. ಅದು ನಿಯಮ. ಕಾಯಿಲೆಯ ವಿಷಯ ತಿಳಿಸುವುದು ಡಾಕ್ಟರ್ ಕೆಲಸ, ಅದೂ ಕುಟುಂಬದ ಜೊತೆ ಕೂತು ಮಾತಾಡಿ. ಆದರೆ ಸ್ವಯಂಸೇವಕರು ಸುಳ್ಳನ್ನೂ ಹೇಳುವಂತಿಲ್ಲ. "ನನಗೆ ವಾಸಿಯಾಗುತ್ತಾ?" ಅಂತ ಕೇಳಿದರೆ "ಆಗುತ್ತೆ, ಏನೂ ಯೋಚನೆ ಮಾಡಬೇಡಿ" ಅನ್ನಬಾರದು. "ನಿಮಗೆ ಏನನ್ನಿಸುತ್ತೆ?" ಅಂತ ಕೇಳಿ ಸುಮ್ಮನಾಗಬೇಕು. ಆಗ ಬರುವ ಉತ್ತರ ಕೇಳಿ ನಮಗೇ ಆಶ್ಚರ್ಯವಾಗಿದೆ. ಎಷ್ಟೋ ಜನಕ್ಕೆ ಗೊತ್ತಿರುತ್ತದೆ. ಮಕ್ಕಳು ನೊಂದುಕೊಳ್ಳುತ್ತಾರೆ ಅಂತ ಅವರೂ ಗೊತ್ತಿಲ್ಲದವರ ಹಾಗೆ ಇರುತ್ತಾರೆ. ಇವರು ಅವರಿಗೆ ಮುಚ್ಚಿಡುತ್ತಾರೆ, ಅವರು ಇವರಿಗೆ. ಮಗಳ ಹೆಸರಿಗೆ ಬರೆಯಬೇಕಾದ ಜಮೀನು, ಜಗಳವಾಡಿ ದೂರವಾದ ತಮ್ಮ, ಎಲ್ಲಾ ಹಾಗೇ ಉಳಿದುಬಿಡುತ್ತದೆ.

ಹುಬ್ಬಳ್ಳಿ ಮಗ

ಇರಬಹುದು ಸಿಸ್ಟರ್. ಆದರೆ ಎಲ್ಲರ ಮನಸ್ಸೂ ಒಂದೇ ಗಟ್ಟಿ ಇರುವುದಿಲ್ಲ. ನಮ್ಮ ಅಪ್ಪಾರು ನಗುನಗುತ್ತ ಹೋದರು. ಅಷ್ಟು ಸಾಕು ನನಗೆ.

ವೈಟ್‌ಫೀಲ್ಡ್ ಅಕ್ಕ

ಇಬ್ಬರ ಮಾತಿನಲ್ಲೂ ಪ್ರೀತಿಯೇ ಇದೆ. ಇದಕ್ಕೆ ಎಲ್ಲಾ ಮನೆಗೂ ಹೊಂದುವ ಒಂದೇ ಉತ್ತರ ಇಲ್ಲ ಅನ್ನುವುದು ನನ್ನ ಅನುಭವ. ಸ್ವಯಂಸೇವಕರ ಕೆಲಸ ತೀರ್ಪು ಕೊಡುವುದಲ್ಲ. ಅಪ್ಪ ಏನೋ ಕೇಳುತ್ತಿದ್ದರು ಅಂತ ತಂಡಕ್ಕೆ ತಿಳಿಸಿದರೆ ಸಾಕು.

ಜಯನಗರ ನಿವೃತ್ತ

ಇಷ್ಟೊಂದು ಉತ್ತರ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಧನ್ಯವಾದ. ಮೇಷ್ಟ್ರು ಅಕ್ಕಿ ಡಬ್ಬಿಯ ಮಾತು ಹೇಳಿದಾಗ ನನಗೆ ಒಂದು ಯೋಚನೆ ಬಂತು. ಕೌಂಟರ್‌ನಲ್ಲಿ ಕೂತಿದ್ದ ಕಾಲದಲ್ಲಿ, ಗಂಡ ತೀರಿಕೊಂಡ ಮೇಲೆ ಪಾಸ್‌ಬುಕ್ ಹಿಡಿದು ಬಂದು ನಿಲ್ಲುವ ಹೆಣ್ಣುಮಕ್ಕಳನ್ನು ಬಹಳ ನೋಡಿದ್ದೇನೆ. ನಾಮಿನಿ ಇಲ್ಲ, ಜಂಟಿ ಖಾತೆ ಇಲ್ಲ, ಸಹಿ ಹೊಂದುವುದಿಲ್ಲ. ತಿಂಗಳುಗಟ್ಟಲೆ ಓಡಾಟ. ಬದುಕಿದ್ದಾಗ ಒಂದು ಫಾರಂ ತುಂಬಿಸಿದ್ದರೆ ಮುಗಿಯುತ್ತಿತ್ತು. ಇಂಥದ್ದರಲ್ಲಿ ನಾನು ಸಹಾಯ ಮಾಡಬಹುದಾ? ಇಲ್ಲಾ, ಸಾವಿನ ಮನೆಯಲ್ಲಿ ದುಡ್ಡಿನ ಮಾತು ಎತ್ತಿದ ಹಾಗಾಗುತ್ತದಾ?

ವೈಟ್‌ಫೀಲ್ಡ್ ಅಕ್ಕ

ಸರ್! ಇದಕ್ಕೇ ನಮಗೆ ಜನ ಸಿಗುವುದಿಲ್ಲ. ಪೇಪರ್ ಓದಲು ಹತ್ತು ಜನ ಬರುತ್ತಾರೆ. ಫಾರಂ ಗೊತ್ತಿರುವವರು ಬರುವುದಿಲ್ಲ. ನಿಮಗೆ ಗೊತ್ತಿರುವುದನ್ನು ಇಲ್ಲೇ ಬರೆಯಿರಿ, ಓದುವವರಿಗೂ ಆಗುತ್ತದೆ.

ಜಯನಗರ ನಿವೃತ್ತ

ಹಾಗಾದರೆ ಬರೆಯುತ್ತೇನೆ. ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದಿದ್ದರೆ ಇವನ್ನು ಮುಂಚೆಯೇ ನೋಡಿಕೊಳ್ಳಿ.

ಎಲ್ಲಾ ಖಾತೆ, ಎಫ್‌ಡಿ, ಲಾಕರ್‌ಗೆ ನಾಮಿನಿ ಇದೆಯಾ ನೋಡಿ. 2025ರ ನವೆಂಬರ್‌ನಿಂದ ಒಂದು ಖಾತೆಗೆ ನಾಲ್ವರವರೆಗೆ ನಾಮಿನಿ ಹಾಕಬಹುದು. ಆದರೆ ನಾಮಿನಿ ಅಂದರೆ ಆ ಹಣದ ಒಡೆಯ ಅಂತ ಅಲ್ಲ. ಬ್ಯಾಂಕಿನಿಂದ ಹಣ ಪಡೆದುಕೊಳ್ಳುವ ಹಕ್ಕು ಅವರಿಗೆ, ಅದು ಕೊನೆಗೆ ಸೇರಬೇಕಾದದ್ದು ವಾರಸುದಾರರಿಗೆ. ಈ ಗೊಂದಲದಲ್ಲೇ ಎಷ್ಟೋ ಮನೆಗಳಲ್ಲಿ ಜಗಳ.

ಸಹಿ ಮಾಡಲಾಗದಷ್ಟು ನಿಶ್ಶಕ್ತಿ ಇದ್ದರೆ ಖಾತೆ ನಿಂತುಹೋಯಿತು ಅಂತ ಅಲ್ಲ. ಹೆಬ್ಬೆಟ್ಟು ಒತ್ತಬಹುದು. ಅದನ್ನು ಇಬ್ಬರು ಸಾಕ್ಷಿಗಳು ಗುರುತಿಸಬೇಕು, ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿ ಆಗಿರಬೇಕು. ಮ್ಯಾನೇಜರ್ ಹತ್ತಿರ ಹೋಗಿ ಪರಿಸ್ಥಿತಿ ಹೇಳಿ, ರಿಸರ್ವ್ ಬ್ಯಾಂಕಿನ ನಿಯಮದಲ್ಲೇ ಇದಕ್ಕೆ ದಾರಿ ಇದೆ. ರೋಗಿಯನ್ನು ಆಟೋದಲ್ಲಿ ಹಾಕಿಕೊಂಡು ಬ್ಯಾಂಕಿಗೆ ತರುವ ಕಷ್ಟ ಬೇಡ. ಎಟಿಎಂ ಪಿನ್ ತಿಳಿದುಕೊಂಡು ತೀರಿಕೊಂಡ ಮೇಲೆ ದುಡ್ಡು ತೆಗೆಯುವುದು ತಪ್ಪು, ಮುಂದೆ ತೊಂದರೆಯಾಗುತ್ತದೆ.

ಮನೆಯಲ್ಲೇ ಸಾವಾದರೆ ಕೊನೆಯಲ್ಲಿ ನೋಡುತ್ತಿದ್ದ ಡಾಕ್ಟರಿಂದ ಸಾವಿನ ಕಾರಣದ ಸರ್ಟಿಫಿಕೇಟ್ ತೆಗೆದುಕೊಳ್ಳಿ. ಅದು ನಮೂನೆ 4ಎ. 21 ದಿನದೊಳಗೆ ಸಾವನ್ನು ನೋಂದಾಯಿಸಿ. ಮರಣ ಪ್ರಮಾಣಪತ್ರದ ಪ್ರತಿಗಳು ಹಲವು ಬೇಕಾಗುತ್ತವೆ. ಬ್ಯಾಂಕು, ವಿಮೆ, ಪಿಂಚಣಿ, ಆಸ್ತಿಯ ಖಾತೆ ಬದಲಾವಣೆ, ಎಲ್ಲಾ ಕಡೆ ಅದನ್ನೇ ಕೇಳುತ್ತಾರೆ.

ಸಿಸ್ಟರ್

ಸರ್, ತುಂಬಾ ಉಪಯೋಗ. ಒಂದೇ ಎಚ್ಚರಿಕೆ. ಸ್ವಯಂಸೇವಕರಾಗಿ ನೀವು ದಾರಿ ಹೇಳಿ, ಫಾರಂ ತುಂಬಲು ಕೂರಿ. ಆದರೆ ಅವರ ದುಡ್ಡು ಮುಟ್ಟಬೇಡಿ, ಪಾಸ್‌ಬುಕ್ ಮನೆಗೆ ಒಯ್ಯಬೇಡಿ, ವಿಲ್‌ಗೆ ಸಾಕ್ಷಿ ಹಾಕಬೇಡಿ. ಏನು ಮಾಡುತ್ತಿದ್ದೀರಿ ಅಂತ ಸೋಷಿಯಲ್ ವರ್ಕರ್‌ಗೆ ತಿಳಿಸಿಯೇ ಮಾಡಿ.

ವಿಲ್ ಅಂದಾಗ ಇನ್ನೊಂದು ನೆನಪಾಯಿತು. ತಮಗೆ ಕೊನೆಯಲ್ಲಿ ವೆಂಟಿಲೇಟರ್ ಬೇಕೋ ಬೇಡವೋ ಅನ್ನುವುದನ್ನು ಮುಂಚೆಯೇ ಬರೆದಿಡಲು ಸುಪ್ರೀಂ ಕೋರ್ಟ್ 2018ರಲ್ಲಿ ಅವಕಾಶ ಕೊಟ್ಟಿತು. 2023ರಲ್ಲಿ ಅದರ ವಿಧಾನ ಸುಲಭ ಮಾಡಿತು. ಇಬ್ಬರು ಸಾಕ್ಷಿಗಳು, ಜೊತೆಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. 2025ರ ಜನವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಇದರ ಬಗ್ಗೆ ಆದೇಶ ಹೊರಡಿಸಿದೆ. ಇದನ್ನು ಯಾರ ಮೇಲೂ ಹೇರಬಾರದು. ಕೇಳಿದವರಿಗೆ ಹೇಳಬೇಕು, ಅಷ್ಟೇ.

ದಾವಣಗೆರೆ ಸೊಸೆ

ಕೊನೆಯ ದಿನಗಳಲ್ಲಿ ಏನಾಗುತ್ತದೆ ಅನ್ನುವುದನ್ನೂ ಬರೆಯಿರಿ ಸಿಸ್ಟರ್. ನಮಗೆ ಯಾರೂ ಹೇಳಿರಲಿಲ್ಲ. ಗಂಟಲಲ್ಲಿ ಗೊರಗೊರ ಶಬ್ದ ಬಂದಾಗ ನಾವು ಗಾಬರಿಯಾಗಿ ಆಂಬ್ಯುಲೆನ್ಸ್ ಕರೆಸಿದೆವು. ಅವರು ಮನೆಯಲ್ಲೇ ಹೋಗಬೇಕು ಅಂತಿದ್ದರು.

ಸಿಸ್ಟರ್

ಅಕ್ಕಾ, ಆ ಶಬ್ದಕ್ಕೆ ಗಾಬರಿಯಾಗದವರು ಯಾರೂ ಇಲ್ಲ.

ಊಟ ಬೇಡವಾಗುತ್ತದೆ. ದೇಹ ಮುಚ್ಚಿಕೊಳ್ಳುತ್ತಿರುವಾಗ ಹಸಿವೇ ಇರುವುದಿಲ್ಲ. ಬಲವಂತವಾಗಿ ತಿನ್ನಿಸಿದರೆ ಹಿಂಸೆ. ಬಾಯಿ ಒಣಗದಂತೆ ಒದ್ದೆ ಹತ್ತಿಯಿಂದ ಒರೆಸಿ, ತುಟಿಗೆ ಸ್ವಲ್ಪ ಬೆಣ್ಣೆಯೋ ವ್ಯಾಸಲಿನ್ನೋ ಸವರಿ. ನಿದ್ದೆ ಜಾಸ್ತಿಯಾಗುತ್ತದೆ. ಕೈಕಾಲು ತಣ್ಣಗಾಗುತ್ತವೆ. ಉಸಿರು ನಿಂತು ನಿಂತು ಬರುತ್ತದೆ. ಗಂಟಲಲ್ಲಿ ಸೇರಿದ ದ್ರವವನ್ನು ನುಂಗುವ ಶಕ್ತಿ ಇಲ್ಲದೆ ಆ ಗೊರಗೊರ ಶಬ್ದ. ಕೇಳುವವರಿಗೆ ಸಂಕಟ. ಅವರು ಆ ಹೊತ್ತಿಗೆ ಪ್ರಜ್ಞೆಯಲ್ಲಿ ಇರುವುದು ಕಡಿಮೆ, ಅದರಿಂದ ಅವರಿಗೆ ಕಷ್ಟವಾಗುತ್ತಿಲ್ಲ ಅಂತಲೇ ನಮ್ಮ ತಿಳಿವಳಿಕೆ. ಒಂದು ಪಕ್ಕಕ್ಕೆ ತಿರುಗಿಸಿ ಮಲಗಿಸಿದರೆ ಶಬ್ದ ಕಡಿಮೆಯಾಗುತ್ತದೆ. ತಂಡಕ್ಕೆ ಫೋನ್ ಮಾಡಿ. ಅವರು ಕೇಳಿಸಿಕೊಳ್ಳುತ್ತಿದ್ದಾರೆ ಅಂದುಕೊಂಡೇ ಮಾತಾಡಿ. ಆಸ್ತಿ ಜಗಳ ಆ ಕೋಣೆಯಲ್ಲಿ ಬೇಡ.

ತುಳಸಿ ನೀರೋ, ಗಂಗಾಜಲವೋ, ಜಂಜಂ ನೀರೋ, ವಿಭೂತಿಯೋ, ಪಾದ್ರಿಗಳ ಪ್ರಾರ್ಥನೆಯೋ, ಅವರವರ ಪದ್ಧತಿಗೆ ಜಾಗ ಮಾಡಿಕೊಡುವುದು ಸ್ವಯಂಸೇವಕರ ಕೆಲಸ. ನೀರಾದರೆ ಒಂದೆರಡು ಹನಿ, ತುಟಿಗೆ. ಬೆಂಗಳೂರಿನಲ್ಲಿ ಇನ್ನೊಂದು ಕಷ್ಟ. ಬಾಡಿಗೆ ಮನೆಯಲ್ಲಿ ಸಾವಾಗಬಾರದು ಅಂತ ಮಾಲೀಕರು ಹೇಳುತ್ತಾರೆ. ಅಂಥ ಮನೆಯಿಂದ ಹಾಸ್ಪಿಸ್‌ಗೆ ಬಂದವರು ಅಪರಾಧ ಮಾಡಿದವರಂತೆ ಕುಗ್ಗಿ ಕೂತಿರುತ್ತಾರೆ. ಅವರ ಜೊತೆ ಮೊದಲು ಕೂರಿ.

ಜಯನಗರ ನಿವೃತ್ತ

ಮನೆಯವಳು ಈ ಎಲ್ಲವನ್ನೂ ಓದಿದಳು. ಅವಳ ಪ್ರಶ್ನೆಗೆ ಮಾತ್ರ ಯಾರೂ ಉತ್ತರ ಕೊಟ್ಟಿಲ್ಲ ಅನ್ನುತ್ತಾಳೆ!

ವೈಟ್‌ಫೀಲ್ಡ್ ಅಕ್ಕ

ಅತ್ತಿಗೆಗೆ ಹೇಳಿ, ನಿದ್ದೆ ಬಾರದ ರಾತ್ರಿಗಳು ಇರುತ್ತವೆ. ಇಲ್ಲ ಅಂದರೆ ಸುಳ್ಳಾಗುತ್ತದೆ. ಚಿಕ್ಕ ವಯಸ್ಸಿನವರು ಹೋದಾಗ, ಮಕ್ಕಳು ಹೋದಾಗ ಹೆಚ್ಚು. ಅದಕ್ಕೇ ಸ್ವಯಂಸೇವಕರೆಲ್ಲ ಆಗಾಗ ಸೇರಿ ಮಾತಾಡುತ್ತೇವೆ. ಅಳು ಬಂದರೆ ಅಳುತ್ತೇವೆ. ಮನೆಯಲ್ಲಿ ಈಚೆಗೆ ಸಾವಾಗಿದ್ದರೆ ಸ್ವಲ್ಪ ಕಾಲ ಬಿಟ್ಟು ಬನ್ನಿ ಅಂತ ಸಾಮಾನ್ಯವಾಗಿ ಹೇಳುತ್ತಾರೆ, ಅದು ಸರಿಯಾದ ಮಾತು. ಭಾರ ಅನ್ನಿಸಿದರೆ ಒಂದು ತಿಂಗಳು ಅಡುಗೆ ಮನೆಗೋ ಆಫೀಸಿಗೋ ಬದಲಾಯಿಸಿಕೊಳ್ಳಿ. ಯಾರೂ ಏನೂ ಅಂದುಕೊಳ್ಳುವುದಿಲ್ಲ.

ರೋಗಿ ತೀರಿಕೊಂಡ ಮೇಲೂ ಕೆಲಸ ಉಳಿದಿರುತ್ತದೆ. ತಿಥಿ ಮುಗಿದು ನೆಂಟರು ಹೊರಟ ಮೇಲೆ ಆ ಮನೆಗೆ ಒಂದು ಫೋನ್ ಮಾಡಿ. ಅಷ್ಟು ದಿನ ರಾತ್ರಿ ಎದ್ದು ಮಾತ್ರೆ ಕೊಟ್ಟವಳಿಗೆ ಆ ಹೊತ್ತಿಗೆ ಈಗಲೂ ಎಚ್ಚರವಾಗುತ್ತಿರುತ್ತದೆ.

ಹಾವೇರಿ ಹುಡುಗ

ಇಷ್ಟೆಲ್ಲಾ ಬೆಂಗಳೂರಿನ ಮಾತಾಯಿತು. ನಮ್ಮ ಹಳ್ಳಿಯಲ್ಲಿ ಹಾಸ್ಪಿಸ್ ಇಲ್ಲ. ನಮ್ಮ ಓಣಿಯಲ್ಲೇ ಒಬ್ಬ ಅಜ್ಜ ಲಕ್ವಾ ಹೊಡೆದು ಮಲಗಿದ್ದಾನೆ, ಅಜ್ಜಿ ಒಬ್ಬಳೇ ನೋಡಿಕೊಳ್ಳುತ್ತಾಳೆ. ಬೆನ್ನಿನ ಮೇಲೆ ಹುಣ್ಣು ಶುರುವಾಗಿದೆ. ನಾವು ಗೆಳೆಯರು ನಾಲ್ಕು ಜನ ಇದ್ದೇವೆ. ನಾವೇನು ಮಾಡಬಹುದು?

ಮಂಜೇಶ್ವರ ಮೇಷ್ಟ್ರು

ತಮ್ಮಾ, ನಾಲ್ಕು ಜನ ಸಾಕು. ಮೊದಲು ಆಶಾ ಕಾರ್ಯಕರ್ತೆಯನ್ನು ಕಾಣಿ. ಹಾಸಿಗೆ ಹಿಡಿದವರು ಯಾವ ಮನೆಯಲ್ಲಿದ್ದಾರೆ ಅನ್ನುವುದು ಅವರಿಗೆ ಗೊತ್ತಿರುತ್ತದೆ. ಅವರ ಮೂಲಕ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರನ್ನು ಒಮ್ಮೆ ಆ ಮನೆಗೆ ಕರೆತನ್ನಿ. ಹುಣ್ಣನ್ನು ನೀವೇ ಡ್ರೆಸ್ಸಿಂಗ್ ಮಾಡಲು ಹೋಗಬೇಡಿ. ಮಗ್ಗುಲು ಬದಲಿಸುವುದು ಹೇಗೆ, ಎತ್ತುವುದು ಹೇಗೆ ಅನ್ನುವುದನ್ನು ಅವರ ಹತ್ತಿರ ಕಲಿಯಿರಿ. ಆಮೇಲೆ ನಾಲ್ವರೂ ಹೊತ್ತು ಹಂಚಿಕೊಳ್ಳಿ. ಹಾಸಿಗೆ ಬಟ್ಟೆ ಒದ್ದೆಯಾಗದಂತೆ, ಸುಕ್ಕಾಗದಂತೆ ನೋಡಿಕೊಳ್ಳಿ. ಅಜ್ಜಿ ರೇಷನ್ ತರಲು ಹೋಗುವ ದಿನ ಒಬ್ಬರು ಕೂರಿ. ಅಜ್ಜನಿಗೆ ಪಿಂಚಣಿ ಬರುತ್ತಿದೆಯಾ ಕೇಳಿ. ಸಂಘದ ಹೆಸರು, ಬ್ಯಾನರ್ ಇವೆಲ್ಲ ಈಗ ಬೇಡ.

ಹಾವೇರಿ ಹುಡುಗ

ಆಶಾ ಅಕ್ಕನ ಜೊತೆ ಮಾತಾಡಿದೆ ಸರ್. ಶನಿವಾರ ಸಿಸ್ಟರನ್ನು ಕರೆದುಕೊಂಡು ಬರುತ್ತೇನೆ ಅಂದಿದ್ದಾರೆ. ಏರ್ ಬೆಡ್ ಇದ್ದರೆ ಒಳ್ಳೆಯದು ಅಂದರು. ದುಡ್ಡು ಸೇರಿಸುತ್ತಿದ್ದೇವೆ.

ದಾವಣಗೆರೆ ಸೊಸೆ

ತಮ್ಮಾ, ದುಡ್ಡು ಸೇರಿಸಬೇಡಿ. ಅತ್ತೆಯ ಏರ್ ಬೆಡ್ ಅಟ್ಟದ ಮೇಲಿದೆ. ನಿನ್ನೆ ಇಳಿಸಿ ಪಂಪ್ ಹಚ್ಚಿ ನೋಡಿದೆ, ಗಾಳಿ ನಿಲ್ಲುತ್ತದೆ. ಡೆಟಾಲ್ ಹಾಕಿ ಒರೆಸಿ ಬಿಸಿಲಿಗೆ ಹಾಕಿದ್ದೇನೆ. ಒಂದು ಪೈಪ್ ಸಡಿಲ ಇದೆ, ಟೇಪ್ ಸುತ್ತಬೇಕು. ಬೆಡ್ ಪ್ಯಾನ್, ಒಂದು ಪ್ಯಾಕೆಟ್ ಡೈಪರ್ ಕೂಡ ಉಳಿದಿದೆ. ನಿಮ್ಮ ನಂಬರ್ ನನಗೆ ಮೆಸೇಜ್ ಮಾಡಿ. ನಮ್ಮ ಯಜಮಾನರು ಶುಕ್ರವಾರ ಹಾವೇರಿ ಕಡೆ ಬರುತ್ತಾರೆ, ಬಸ್ ಸ್ಟ್ಯಾಂಡಿನಲ್ಲಿ ಇಸಿದುಕೊಳ್ಳಿ. ಹಾಸುವಾಗ ಅದರ ಮೇಲೆ ಒಂದೇ ತೆಳ್ಳನೆ ಹತ್ತಿ ಬಟ್ಟೆ ಹಾಕಿ, ದಪ್ಪ ಕಂಬಳಿ ಹಾಕಿದರೆ ಉಪಯೋಗ ಇಲ್ಲ. ಕರೆಂಟ್ ಹೋದಾಗ ಪಂಪ್ ನಿಲ್ಲುತ್ತದೆ, ಆಗ ಮಗ್ಗುಲು ಬದಲಿಸುವುದನ್ನು ಮರೆಯಬೇಡಿ ಅಂತ ಅಜ್ಜಿಗೂ ಹೇಳಿ.